ಡಿಸ್ಕ್ ತುಂಬಿದಾಗ: ಮೊದಲು ಅಳೆಯಿರಿ, ಆಮೇಲೆ ಅಳಿಸಿ

ಕಲಬುರಗಿಗೆ ಓದಲು ಬಂದವರ ಕೋಣೆಗಳಲ್ಲಿ ಒಂದು ಕಂಪ್ಯೂಟರನ್ನು ನಾಲ್ಕೈದು ಜನ ಹಂಚಿಕೊಳ್ಳುವುದು ವಾಡಿಕೆ. ಸೇಡಂನವರ ಕೆ-ಸೆಟ್ ಟಿಪ್ಪಣಿ, ಶಹಾಪುರದವರ ಪಿಡಿಒ ಪರೀಕ್ಷೆಯ ವಿಡಿಯೊ ಪಾಠ, ಆಳಂದದವರ ಎಂ.ಎ. ಪ್ರಬಂಧ ಎಲ್ಲವೂ ಒಂದೇ ಡಿಸ್ಕ್‌ನಲ್ಲಿ ಇರುತ್ತವೆ. ಅರ್ಜಿ ಸಲ್ಲಿಸುವ ಗಡಿಬಿಡಿಯಲ್ಲಿ ಜಾಗ ಸಾಲದೆಂಬ ಸೂಚನೆ ಬಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸುವ ಆತುರ ಶುರುವಾಗುತ್ತದೆ. ಆ ಆತುರಕ್ಕೆ ಮುಂಚೆ ಓದಿಕೊಳ್ಳಲೆಂದು ಈ ಟಿಪ್ಪಣಿ. ವಿಂಡೋಸ್ 10 ಮತ್ತು 11 ಇರುವ ಕಂಪ್ಯೂಟರ್‌ಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

ಹಲವರು ಕೇಳುವ ಪ್ರಶ್ನೆಯೊಂದನ್ನು ಮೊದಲೇ ಬಗೆಹರಿಸೋಣ. 500 ಜಿಬಿ ಎಂದು ಕೊಂಡ ಡಿಸ್ಕ್ ಪರದೆಯ ಮೇಲೆ 465 ಜಿಬಿ ಎಂದೇ ಕಾಣುತ್ತದೆ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕ ಹಿಡಿದು 107,37,41,824 ಬೈಟ್ ಎಂದು ಎಣಿಸುತ್ತದೆ. ಜಾಗ ಎಲ್ಲಿಯೂ ಕಳೆದುಹೋಗಿಲ್ಲ, ಅಂಗಡಿಯವರ ತಪ್ಪೂ ಅಲ್ಲ.

ಅಳತೆ

ಯಾವುದು ಎಷ್ಟು ಜಾಗ ತಿಂದಿದೆ ಎಂದು ತಿಳಿಯದೆ ಒಂದು ಫೈಲನ್ನೂ ಅಳಿಸಬೇಡಿ. ಸೆಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್ ತೆರೆದರೆ ಆ್ಯಪ್‌ಗಳು, ತಾತ್ಕಾಲಿಕ ಫೈಲ್‌ಗಳು, ವಿಡಿಯೊಗಳು ಎಂಬಂತೆ ವಿಭಾಗವಾರು ಲೆಕ್ಕ ಸಿಗುತ್ತದೆ. ಇನ್ನೂ ಸ್ಪಷ್ಟ ಚಿತ್ರ ಬೇಕಿದ್ದರೆ ವಿನ್‌ಡರ್‌ಸ್ಟ್ಯಾಟ್ ಎಂಬ ಉಚಿತ ತಂತ್ರಾಂಶವಿದೆ. ಅದು ಪ್ರತಿ ಫೈಲನ್ನೂ ಅದರ ಗಾತ್ರಕ್ಕೆ ತಕ್ಕ ಆಯತವಾಗಿ ಬಣ್ಣದಲ್ಲಿ ತೋರಿಸುತ್ತದೆ.

ಈ ಚಿತ್ರ ನೋಡಿದವರಿಗೆ ಒಂದು ಸಂಗತಿ ತಕ್ಷಣ ಹೊಳೆಯುತ್ತದೆ: ಜಾಗ ಹಿಡಿದಿರುವುದು ನಾವು ಟೈಪ್ ಮಾಡಿದ ನೂರಾರು ಟಿಪ್ಪಣಿಗಳಲ್ಲ, ಬೆರಳೆಣಿಕೆಯ ದೊಡ್ಡ ಫೈಲ್‌ಗಳು. ಒಂದು ಗಂಟೆಯ ವಿಡಿಯೊ ಪಾಠವನ್ನು ತೆಗೆದರೆ ಸಿಗುವ ಜಾಗ ಒಂದು ಸೆಮಿಸ್ಟರ್‌ನ ಎಲ್ಲ ಟೈಪ್ ಮಾಡಿದ ಟಿಪ್ಪಣಿಗಳನ್ನು ತೆಗೆದರೂ ಸಿಗುವುದಿಲ್ಲ. ಆದರೂ ಆತುರದಲ್ಲಿ ಮೊದಲು ಬಲಿಯಾಗುವುದು ಟಿಪ್ಪಣಿಗಳೇ.

ಅಳತೆಯ ನಂತರ ಪ್ರತಿ ದೊಡ್ಡ ಫೈಲಿಗೂ ಒಂದೇ ಪ್ರಶ್ನೆ ಕೇಳಿ: ಇದು ಮತ್ತೆ ಸಿಗುತ್ತದೆಯೇ? ಇಂಟರ್ನೆಟ್‌ನಿಂದ ಇಳಿಸಿಕೊಂಡ ಪಾಠ, ತಂತ್ರಾಂಶದ ಇನ್‌ಸ್ಟಾಲರ್, ಬ್ರೌಸರ್‌ನ ಕ್ಯಾಶ್ (ನೋಡಿದ ಪುಟಗಳಿಂದ ಅದು ಎತ್ತಿಟ್ಟುಕೊಂಡ ಪ್ರತಿಗಳು) ಇವು ಮತ್ತೆ ಸಿಗುತ್ತವೆ. ಸನ್ನತಿಗೋ ನಾಗಾವಿಗೋ ಹೋಗಿ ತೆಗೆದ ಶಾಸನಗಳ ಫೋಟೊ, ಹಿರಿಯರ ಬಾಯಿಂದ ಧ್ವನಿಮುದ್ರಿಸಿಕೊಂಡ ಹಂತಿಯ ಹಾಡು ಮತ್ತೆ ಸಿಗುವುದಿಲ್ಲ. ಇವು ಎಷ್ಟೇ ದೊಡ್ಡದಾಗಿದ್ದರೂ ಇನ್ನೊಂದು ಕಡೆ ಪ್ರತಿ ಆಗುವ ತನಕ ಮುಟ್ಟಬಾರದು.

ಸ್ಕ್ಯಾನ್ ಪ್ರತಿಗಳ ಲೆಕ್ಕ

ನಮ್ಮ ಭಾಗದ ಅಭ್ಯರ್ಥಿಗಳ ಬಳಿ ಸ್ಕ್ಯಾನ್ ಪ್ರತಿಗಳ ದೊಡ್ಡ ರಾಶಿಯೇ ಇರುತ್ತದೆ: ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣಪತ್ರ. ಒಂದೇ ಪತ್ರವನ್ನು ಪ್ರತಿ ಅರ್ಜಿಗೂ ಹೊಸದಾಗಿ ಸ್ಕ್ಯಾನ್ ಮಾಡಿಸಿ ಹೊಸ ಹೆಸರಿನಲ್ಲಿ ಉಳಿಸುತ್ತೇವೆ.

ಗಾತ್ರ ಏಕೆ ಏರುತ್ತದೆ ಎಂಬುದನ್ನು ಕಾಗದದ ಮೇಲೆ ಒಮ್ಮೆ ಗುಣಿಸಿ ನೋಡಿ. ಎ4 ಹಾಳೆಯನ್ನು 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೆ ಅಗಲಕ್ಕೆ 2480, ಎತ್ತರಕ್ಕೆ 3508 ಚುಕ್ಕೆಗಳು, ಒಟ್ಟು ಸುಮಾರು 87 ಲಕ್ಷ. ಬಣ್ಣದಲ್ಲಾದರೆ ಪ್ರತಿ ಚುಕ್ಕೆಗೆ 3 ಬೈಟ್, ಅಂದರೆ ಸುಮಾರು 26 ಎಂಬಿ. ಬೂದುಬಣ್ಣದಲ್ಲಾದರೆ ಚುಕ್ಕೆಗೆ ಒಂದೇ ಬೈಟ್, ಮೂರನೇ ಒಂದು ಭಾಗ ಸಾಕು. ಬರೀ ಕಪ್ಪು ಬಿಳುಪಾದರೆ ಚುಕ್ಕೆಗೆ ಒಂದು ಬಿಟ್ (ಬೈಟ್‌ನ ಎಂಟನೇ ಒಂದು ಭಾಗ), ಒಂದು ಎಂಬಿಗಿಂತ ತುಸು ಹೆಚ್ಚು. ಡಿಪಿಐಯನ್ನು 600ಕ್ಕೆ ಏರಿಸಿದರೆ ಅಗಲ, ಎತ್ತರ ಎರಡೂ ಇಮ್ಮಡಿಯಾಗಿ ಗಾತ್ರ ನಾಲ್ಕು ಪಟ್ಟಾಗುತ್ತದೆ. ಇದೆಲ್ಲ ಸಂಕುಚನಕ್ಕೆ ಮೊದಲಿನ ಲೆಕ್ಕ. ಜೆಪೆಗ್ ಆಗಿ ಉಳಿಸಿದರೆ ಬಹಳಷ್ಟು ಇಳಿಯುತ್ತದೆ, ಬಿಎಂಪಿ ಆಗಿ ಉಳಿಸಿದರೆ ಸಾಮಾನ್ಯವಾಗಿ ಇಷ್ಟೂ ಉಳಿಯುತ್ತದೆ. ಮುದ್ರಿತ ಪುಟಗಳ ನೋಟ್ಸಿಗೆ 300 ಡಿಪಿಐ, ಬೂದುಬಣ್ಣ ಧಾರಾಳವಾಯಿತು. ಜೆರಾಕ್ಸ್ ಅಂಗಡಿಯಲ್ಲಿ ಹೀಗೆಂದು ಮೊದಲೇ ಕೇಳಿಕೊಳ್ಳಿ. ಮೂಲ ಪ್ರಮಾಣಪತ್ರಗಳಿಗೆ ಮಾತ್ರ ಬಣ್ಣದ ಒಂದು ಒಳ್ಳೆಯ ಪ್ರತಿ ಇಟ್ಟುಕೊಂಡು, ಅರ್ಜಿಗೆ ಬೇಕಾದ ಚಿಕ್ಕ ಪ್ರತಿಗಳನ್ನು ಅದರಿಂದಲೇ ಮಾಡಿಕೊಳ್ಳಬಹುದು. ಆಗ ಚಿಕ್ಕವು ‘ಮತ್ತೆ ಸಿಗುವ’ ಗುಂಪಿಗೆ ಸೇರುತ್ತವೆ.

ಅಳಿಸುವಾಗ

ಸ್ಟೋರೇಜ್ ಪುಟದಲ್ಲಿರುವ ‘ಟೆಂಪರರಿ ಫೈಲ್ಸ್’ ಪಟ್ಟಿ ಬಹಳ ಉಪಯುಕ್ತ. ವಿಂಡೋಸ್ ಹೊಸ ಆವೃತ್ತಿಗೆ ಬದಲಾದಾಗ ಹಳೆಯದನ್ನು ಪಕ್ಕಕ್ಕೆ ಇಟ್ಟುಕೊಂಡಿರುತ್ತದೆ. ಅದು ಹಲವು ಜಿಬಿಯಷ್ಟಿರುತ್ತದೆ ಮತ್ತು ಸಾಮಾನ್ಯವಾಗಿ ಹತ್ತು ದಿನಗಳ ನಂತರ ತಾನಾಗಿಯೇ ಅಳಿಯುತ್ತದೆ. ಹಳೆಯ ಆವೃತ್ತಿಗೆ ಮರಳುವ ಯೋಚನೆ ಇಲ್ಲದಿದ್ದರೆ ಈ ಪಟ್ಟಿಯಿಂದಲೇ ಮೊದಲೇ ತೆಗೆಯಬಹುದು. ಆದರೆ ಇದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಸಾಲೂ ಇರುತ್ತದೆ. ಅದು ತಾತ್ಕಾಲಿಕವಲ್ಲ, ನಾವು ಇಳಿಸಿಕೊಂಡದ್ದೆಲ್ಲ ಇರುವ ಫೋಲ್ಡರ್! ಪ್ರವೇಶಪತ್ರ, ಶುಲ್ಕದ ರಸೀದಿ ಎಲ್ಲವೂ ಅಲ್ಲೇ ಇರುತ್ತವೆ. ಹಂಚಿಕೊಂಡ ಕಂಪ್ಯೂಟರಿನಲ್ಲಿ ಎಲ್ಲರನ್ನೂ ಕೇಳದೆ ಆ ಸಾಲಿಗೆ ಗುರುತು ಹಾಕಲೇಬಾರದು.

ಡಿಲೀಟ್ ಒತ್ತಿದ ಕೂಡಲೇ ಜಾಗ ಬರುವುದಿಲ್ಲ, ಫೈಲ್ ರಿಸೈಕಲ್ ಬಿನ್‌ನಲ್ಲಿ ಅಷ್ಟೇ ಜಾಗ ಹಿಡಿದು ಕುಳಿತಿರುತ್ತದೆ. ಬಿನ್ ಖಾಲಿ ಮಾಡುವ ಮುನ್ನ ಒಮ್ಮೆ ತೆರೆದು ನೋಡಿ. ಪೆನ್ ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಬಿನ್‌ಗೆ ಬರುವುದೇ ಇಲ್ಲ, ನೇರವಾಗಿ ಹೋಗುತ್ತದೆ.

ಡಿಫ್ರಾಗ್ ಮಾಡಿದರೆ ಜಾಗ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಚೂರುಚೂರಾಗಿ ಹರಡಿದ ಫೈಲ್‌ಗಳನ್ನು ಒಟ್ಟುಗೂಡಿಸುತ್ತದೆ, ಅಷ್ಟೇ. ವಿಡಿಯೊಗಳನ್ನು ಜಿಪ್ ಮಾಡುವುದರಿಂದಲೂ ಹೆಚ್ಚಿನ ಲಾಭವಿಲ್ಲ. ಅವು ಆಗಲೇ ಸಂಕುಚಿತವಾಗಿರುತ್ತವೆ.

ವಿಂಡೋಸ್ ಫೋಲ್ಡರ್‌ನೊಳಗೆ ಕೈ ಹಾಕಬೇಡಿ. ಅಲ್ಲಿನ ಫಾಂಟ್‌ಗಳ ವಿಷಯದಲ್ಲಿ ಕನ್ನಡದವರಿಗೆ ವಿಶೇಷ ಎಚ್ಚರಿಕೆ ಬೇಕು. ಈಗ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಬಂದಿದೆಯಲ್ಲ ಎಂದು ನುಡಿ, ಬರಹ ತಂತ್ರಾಂಶಗಳನ್ನೂ ಅವುಗಳ ಫಾಂಟ್‌ಗಳನ್ನೂ ತೆಗೆದುಹಾಕಿದರೆ, ಹಳೆಯ ಸಂಕೇತದಲ್ಲಿ ಟೈಪ್ ಮಾಡಿದ ಪ್ರಬಂಧಗಳು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಫಾಂಟ್ ತೆಗೆದು ಉಳಿಯುವ ಜಾಗವೂ ತೀರಾ ಅಲ್ಪ. ಹಳೆಯ ಫೈಲ್‌ಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡುವ ತನಕ ಅವು ಇರಲಿ.

ಬೇರೆ ಕಡೆಗೆ ಸಾಗಿಸುವಾಗ

ಹೊರಗಿನ ಹಾರ್ಡ್ ಡಿಸ್ಕ್‌ಗೆ ಸಾಗಿಸುವುದಾದರೆ ಕಟ್ ಮಾಡಿ ಪೇಸ್ಟ್ ಮಾಡುವುದಕ್ಕಿಂತ ಕಾಪಿ ಮಾಡುವುದೇ ಕ್ಷೇಮ. ಬೇಸಿಗೆಯಲ್ಲಿ ಕರೆಂಟು ನಡುವೆ ಕೈಕೊಟ್ಟರೂ ಮೂಲ ಇದ್ದಲ್ಲೇ ಇರುತ್ತದೆ. ಕಾಪಿ ಮುಗಿದ ಮೇಲೆ ಎರಡೂ ಫೋಲ್ಡರ್‌ಗಳ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಫೈಲ್‌ಗಳ ಸಂಖ್ಯೆ ಮತ್ತು ಗಾತ್ರವನ್ನು ಹೋಲಿಸಿ. ಕೆಲವನ್ನು ಹೊರಗಿನ ಡಿಸ್ಕ್‌ನಿಂದಲೇ ತೆರೆದು ನೋಡಿ, ಆಮೇಲೆ ಮೂಲವನ್ನು ಅಳಿಸಿ. ಆದರೆ ಹಾಗೆ ಅಳಿಸಿದ ಮೇಲೆ ಉಳಿಯುವುದು ಮತ್ತೆ ಒಂದೇ ಪ್ರತಿ. ಶಾಸನದ ಫೋಟೊಗಳಂಥವಕ್ಕೆ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಫೈಲ್‌ಗಳ ಪ್ರತಿಯನ್ನು ಅಂತರ್ಜಾಲದಲ್ಲಿ ಇಡುವ ಒನ್‌ಡ್ರೈವ್‌ನಂಥ ಸೇವೆ ಬಳಸುವವರಿಗೆ ಒಂದು ಮಾತು: ಆ ಪ್ರತಿಯೊಂದಿಗೆ ಸಿಂಕ್ ಆಗಿರುವ, ಅಂದರೆ ತಾನಾಗಿಯೇ ಹೊಂದಿಕೊಳ್ಳುವ, ಫೋಲ್ಡರ್‌ನಿಂದ ಫೈಲ್ ಅಳಿಸಿದರೆ ಅದು ಅಂತರ್ಜಾಲದ ಪ್ರತಿಯಿಂದಲೂ ಅಳಿಯುತ್ತದೆ. ಜಾಗ ಮಾತ್ರ ಬೇಕಿದ್ದರೆ ಫೈಲ್ ಮೇಲೆ ಬಲಗುಂಡಿ ಒತ್ತಿ ‘ಫ್ರೀ ಅಪ್ ಸ್ಪೇಸ್’ ಆರಿಸಬೇಕು.

ಸಿ ತುಂಬಿ ಡಿ ಖಾಲಿ ಇದ್ದರೆ

ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿಕೊಟ್ಟಿರುವುದು ಸಾಮಾನ್ಯ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿ ಒಳಗೇ. ಹಾಗಾಗಿ ಡೆಸ್ಕ್‌ಟಾಪ್‌ನಿಂದ ಡಾಕ್ಯುಮೆಂಟ್ಸ್‌ಗೆ ಸರಿಸಿದರೆ ಏನೂ ಬದಲಾಗುವುದಿಲ್ಲ. ಡಿಯಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ಡೌನ್‌ಲೋಡ್ಸ್‌ನ ಪ್ರಾಪರ್ಟೀಸ್‌ನಲ್ಲಿರುವ ‘ಲೊಕೇಶನ್’ ಎಂಬಲ್ಲಿ ಆ ಹೊಸ ಜಾಗವನ್ನು ತೋರಿಸಿದರೆ ಮುಂದೆ ಇಳಿಸಿಕೊಳ್ಳುವುದೆಲ್ಲ ಅಲ್ಲಿಗೇ ಹೋಗುತ್ತದೆ. ನೇರವಾಗಿ ಡಿ ಡ್ರೈವ್ ಅನ್ನೇ ತೋರಿಸಬೇಡಿ, ಅದರೊಳಗಿನ ಫೋಲ್ಡರನ್ನು ತೋರಿಸಿ.

ಸಿ ಭಾಗವನ್ನೇ ಹಿಗ್ಗಿಸಬಹುದಲ್ಲ ಎಂದು ಕೇಳಬಹುದು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಅದನ್ನು ಹಿಗ್ಗಿಸಲು ಸಿ ಪಕ್ಕದಲ್ಲೇ, ಬಲಗಡೆ, ಯಾವ ಭಾಗಕ್ಕೂ ಸೇರದ ಖಾಲಿ ಜಾಗ ಇರಬೇಕು. ಸಾಮಾನ್ಯವಾಗಿ ಅಲ್ಲಿ ಡಿ ಇರುತ್ತದೆ. ಡಿಯನ್ನು ತೆಗೆದರೆ ಮಾತ್ರ ಜಾಗ ತೆರವಾಗುತ್ತದೆ, ಅದರಲ್ಲಿರುವುದೆಲ್ಲ ಹೋಗುತ್ತದೆ. ಡಿಯ ಪೂರ್ತಿ ಪ್ರತಿ ಕೈಯಲ್ಲಿ ಇಲ್ಲದಿದ್ದರೆ ಆ ಕೆಲಸಕ್ಕೆ ಹೋಗಬೇಡಿ. ಲೊಕೇಶನ್ ಬದಲಾಯಿಸುವುದರಿಂದಲೇ ನಮ್ಮ ಹೆಚ್ಚಿನ ಕೋಣೆಗಳ ತೊಂದರೆ ತೀರುತ್ತದೆ.