ಪುಸ್ತಕ ‘ಬ್ಯಾನ್’ ಆಗುವುದು ಹೇಗೆ? ಕರಾವಳಿಯ ಓದುಗರಿಗೊಂದು ಹಿನ್ನೆಲೆ

“ಆ ಪುಸ್ತಕ ಬ್ಯಾನ್ ಆಗಿದೆಯಂತೆ, ಮನೆಯಲ್ಲಿ ಇಟ್ಟುಕೊಂಡರೆ ತೊಂದರೆ ಇಲ್ವಾ?” ಮಂಗಳೂರಿನಲ್ಲಿ ಈ ಪ್ರಶ್ನೆ ನನ್ನ ಕಿವಿಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಬ್ಯಾನ್ ಮಾಡಿದ್ದು ಯಾರು, ಯಾವಾಗ ಅಂತ ತಿರುಗಿ ಕೇಳಿದರೆ ಉತ್ತರ ಬರುವುದಿಲ್ಲ. ಸರ್ಕಾರದ ಮುಟ್ಟುಗೋಲು, ಕೋರ್ಟಿನ ತಡೆಯಾಜ್ಞೆ, ಪ್ರಕಾಶಕರೇ ವಾಪಸ್ ಪಡೆದದ್ದು, ಯಾರೋ ಗದರಿಸಿದರು ಅಂತ ಅಂಗಡಿಯವರು ಒಳಗೆ ಇಟ್ಟದ್ದು, ಎಲ್ಲಕ್ಕೂ ನಮ್ಮಲ್ಲಿ ಒಂದೇ ಹೆಸರು. ಗೋಜಲು ಶುರುವಾಗುವುದೇ ಇಲ್ಲಿ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ನಮ್ಮೂರಿನಲ್ಲೇ ಕಲ್ಲಚ್ಚಿನಿಂದ ಹೊರಬಂತು, 1843ರ ಜುಲೈಯಲ್ಲಿ. ಮುಂದಿನ ನೂರು ವರ್ಷದಲ್ಲಿ ಬ್ರಿಟಿಷರು 1910ರ ಪ್ರೆಸ್ ಕಾಯ್ದೆ, 1931ರ ತುರ್ತು ಅಧಿಕಾರದ ಕಾಯ್ದೆ ಅಂತ ಒಂದರ ಮೇಲೊಂದು ತಂದರು. ಧಾರ್ಮಿಕ ಭಾವನೆಗೆ ಧಕ್ಕೆ ಎಂಬ 295ಎ ಕಲಂ ದಂಡ ಸಂಹಿತೆಗೆ ಸೇರಿದ್ದು 1927ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂತು, ಆ ಕಲಂ ಉಳಿಯಿತು.

ಇಲ್ಲಿ ಹೆಚ್ಚು ಜನಕ್ಕೆ ಗೊತ್ತಿರದ ಒಂದು ಸಂಗತಿ ಇದೆ. 1950ರಲ್ಲಿ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದ ಜಿಲ್ಲೆ. ಮುಂಬೈಯ ‘ಕ್ರಾಸ್ ರೋಡ್ಸ್’ ಎಂಬ ವಾರಪತ್ರಿಕೆ ರಾಜ್ಯದೊಳಗೆ ಬರಬಾರದು ಅಂತ ಮದ್ರಾಸ್ ಸರ್ಕಾರ ಆ ವರ್ಷ ಆದೇಶ ಹೊರಡಿಸಿತು. ಅಂದರೆ ಮಂಗಳೂರಿಗೂ ಬರುವಂತಿಲ್ಲ, ಉಡುಪಿಗೂ ಬರುವಂತಿಲ್ಲ. ಸಂಪಾದಕ ರೊಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋದರು. ಮೇ 26ರಂದು ಆದೇಶ ಬಿದ್ದುಹೋಯಿತು. ಪತ್ರಿಕೆ ಜನರ ಕೈಗೆ ತಲುಪಲು ಬಿಡದೆ, ಅಚ್ಚು ಹಾಕಲು ಮಾತ್ರ ಬಿಟ್ಟರೆ ಏನು ಪ್ರಯೋಜನ? ತೀರ್ಪಿನ ತಿರುಳು ಇದು. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿ ಬಂತು. ಮಾತಿನ ಸ್ವಾತಂತ್ರ್ಯವನ್ನು ಮಿತಿಗೊಳಿಸುವ ಕಾರಣಗಳ ಪಟ್ಟಿಗೆ ‘ಸಾರ್ವಜನಿಕ ಸುವ್ಯವಸ್ಥೆ’ ಸೇರಿತು.

ತುರ್ತು ಪರಿಸ್ಥಿತಿಯ ಇಪ್ಪತ್ತೊಂದು ತಿಂಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದ್ದು ಆಗಲೇ.

ಈಗ ಕಾನೂನು ಏನು ಹೇಳುತ್ತದೆ ಅಂತ ನೋಡೋಣ. ಪುಸ್ತಕವನ್ನು ಮುಟ್ಟುಗೋಲು ಹಾಕುವ ಅಧಿಕಾರ ರಾಜ್ಯ ಸರ್ಕಾರದ್ದು. ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ. 2024ರ ಜುಲೈ 1ರಿಂದ ಹೊಸ ಸಂಹಿತೆಯ 98ನೇ ಕಲಂ. ಅಧಿಸೂಚನೆ ಹೊರಡಿಸಬೇಕು. ಯಾಕೆ ಅಂತ ಕಾರಣ ಬರೆಯಬೇಕು. ಸಂಬಂಧಪಟ್ಟವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋದರೆ ಮೂವರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯ ವಿಚಾರ ಹೀಗೇ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2007ರಲ್ಲಿ ಕೋರ್ಟು ಮುಟ್ಟುಗೋಲನ್ನು ಎತ್ತಿಹಿಡಿಯಿತು. ಆ ತೀರ್ಪು ನನಗೆ ಒಪ್ಪಿಗೆಯಾಗಿಲ್ಲ. ಆದರೂ ಅಲ್ಲೊಂದು ಆದೇಶವಿತ್ತು, ಅದನ್ನು ಹಿಡಿದು ವಾದ ಮಾಡಲು ಜಾಗವಿತ್ತು.

ಕರಾವಳಿಯಲ್ಲಿ ನಾವು ಕಂಡದ್ದು ಬೇರೆ ತರಹದ್ದು. 2012ರ ಮಾರ್ಚ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನ ಬಂಧನವಾಯಿತು. ಬೆಳ್ತಂಗಡಿ ತಾಲೂಕಿನ ಕಾಡಂಚಿನ ಆದಿವಾಸಿ ಮನೆಯ ಹುಡುಗ. ಜೊತೆಗೆ ಅವನ ತಂದೆಯೂ. ನಕ್ಸಲರ ನಂಟು ಎಂಬ ಆರೋಪ, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕೇಸು. ಸಾಕ್ಷ್ಯವಾಗಿ ಹಿಡಿದ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ ಇತ್ತು, ಪೇಪರ್ ಕಟಿಂಗುಗಳಿದ್ದವು. ಊರಿಗೆ ಸೌಕರ್ಯ ಕೊಡುವ ತನಕ ಮತ ಹಾಕುವುದಿಲ್ಲ ಎಂಬ ಪತ್ರವೂ ಇತ್ತು. ಪತ್ರಿಕೋದ್ಯಮ ಓದುವವನ ಕೋಣೆಯಲ್ಲಿ ಪೇಪರ್ ಕಟಿಂಗ್ ಇರದೆ ಇನ್ನೇನು ಇರಬೇಕು? ತೊಂಬತ್ತು ದಿನದಲ್ಲಿ ಚಾರ್ಜ್‌ಶೀಟ್ ಆಗಲಿಲ್ಲ, ಜಾಮೀನು ಸಿಕ್ಕಿತು. ಚಾರ್ಜ್‌ಶೀಟ್ ಬಂದದ್ದು 2015ರಲ್ಲಿ. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಕೋರ್ಟು ಅಪ್ಪ ಮಗ ಇಬ್ಬರನ್ನೂ ಖುಲಾಸೆ ಮಾಡಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳುವುದಕ್ಕೆ, ಪತ್ರಿಕೆ ಓದುವುದಕ್ಕೆ ಕಾನೂನಿನ ಅಡ್ಡಿಯಿಲ್ಲ ಅಂತ ತೀರ್ಪಿನಲ್ಲಿ ಬರೆಯಿತು. ಈ ಒಂದು ಸಾಲಿಗೆ ಒಂಬತ್ತು ವರ್ಷ ಹಿಡಿಯಿತು.

ಆ ಒಂಬತ್ತು ವರ್ಷದಲ್ಲಿ ಬೇರೆ ಮನೆಗಳಲ್ಲಿ ಏನಾಯಿತು ಎಂಬುದು ಯಾವ ದಾಖಲೆಯಲ್ಲೂ ಇಲ್ಲ. 2012ರ ಮಳೆಗಾಲದಲ್ಲಿ ಉಡುಪಿಯ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಅವನ ಕಪಾಟಿನ ಒಂದು ಸಾಲು ಖಾಲಿ. ಅವನ ಅಮ್ಮ ಅಲ್ಲಿದ್ದ ಪುಸ್ತಕಗಳನ್ನೆಲ್ಲ ಅಕ್ಕಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಅಟ್ಟಕ್ಕೆ ಹಾಕಿದ್ದರು. ಕಪಾಟಿನ ಧೂಳಿನಲ್ಲಿ ಪುಸ್ತಕಗಳ ಅಚ್ಚು ಹಾಗೇ ಇತ್ತು. “ಸುಮ್ನೆ ಯಾಕೆ ಮಾರಾಯ, ಇವನಿಗೆ ಕೆಲಸ ಆಗಬೇಕಲ್ವಾ?” ಅಂದರು ಚಾ ಕೊಡುತ್ತಾ. ಅವರನ್ನು ನಾನು ದೂರುವುದಿಲ್ಲ. ಆ ಚೀಲದಲ್ಲಿದ್ದ ಒಂದು ಪುಸ್ತಕವನ್ನೂ ಯಾವ ಸರ್ಕಾರವೂ ನಿಷೇಧಿಸಿರಲಿಲ್ಲ.

ಇದಕ್ಕೇ ಲಿಖಿತ ಆದೇಶದ ಮಾತು ನನಗೆ ಮುಖ್ಯ. 1988ರಲ್ಲಿ ಸಲ್ಮಾನ್ ರಶ್ದಿ ಅವರ ಕಾದಂಬರಿಯೊಂದರ ಆಮದಿಗೆ ತಡೆ ಬಿತ್ತು. 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟು ನೋಡಿದರೆ, ಆ ಅಧಿಸೂಚನೆಯನ್ನು ಹಾಜರುಪಡಿಸಲು ಯಾರಿಂದಲೂ ಆಗಲಿಲ್ಲ. ಅದು ಇಲ್ಲವೆಂದೇ ಭಾವಿಸಬೇಕು ಅಂದಿತು ಕೋರ್ಟು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಇಂಟರ್ನೆಟ್ ನಿಂತಾಗ ಮೊಬೈಲಿನಲ್ಲಿ ಸುದ್ದಿ ಓದಲೂ ಆಗಲಿಲ್ಲ. ಮರುತಿಂಗಳು ಕಾಶ್ಮೀರದ ಕೇಸಿನಲ್ಲಿ ಸುಪ್ರೀಂ ಕೋರ್ಟು, ಹಾಗೆ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಲೇಬೇಕು ಅಂತ ಹೇಳಿತು.

ಗ್ರಂಥಾಲಯಗಳಲ್ಲಿ ಇದು ಇನ್ನೂ ಸದ್ದಿಲ್ಲದೆ ನಡೆಯುತ್ತದೆ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವವರು ನಾವು. ಹೋದ ತಿಂಗಳು ಒಂದು ಗ್ರಂಥಾಲಯದಲ್ಲಿ ಹಳೆಯ ಪುಸ್ತಕವೊಂದನ್ನು ಕೇಳಿದೆ. ಕ್ಯಾಟಲಾಗಿನಲ್ಲಿ ಹೆಸರಿದೆ, ನಂಬರಿದೆ. ರ‍್ಯಾಕಿನಲ್ಲಿ ಇಲ್ಲ. “ಅದನ್ನು ತೆಗೆಸಿದ್ದಾರೆ ಸರ್,” ಅಂದರು ಕೌಂಟರಿನಲ್ಲಿದ್ದವರು, ಮೆಲ್ಲಗೆ. ಯಾರು ತೆಗೆಸಿದ್ದು? ಅವರಿಗೆ ಗೊತ್ತಿಲ್ಲ. ರಿಜಿಸ್ಟರಿನಲ್ಲಿ ಕಳೆದುಹೋಯಿತು ಅಂತಲೂ ಇಲ್ಲ, ಹರಿದುಹೋಯಿತು ಅಂತಲೂ ಇಲ್ಲ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದ್ದೇನೆ. ಕೇಳಿದ್ದು ಇಷ್ಟೇ: ತೆಗೆಯಲು ಹೇಳಿದ ಆದೇಶದ ಪ್ರತಿ ಕೊಡಿ. ಉತ್ತರಕ್ಕೆ ಮೂವತ್ತು ದಿನದ ಗಡುವು. ಇನ್ನು ಹನ್ನೊಂದು ದಿನ ಉಳಿದಿದೆ.