ನೀರು ತುಂಬಿದ ತೊಟ್ಟಿಯಾ, ಅರೆ ಒಣ ಮನೆಯಾ?

ಪ್ರಶ್ನೆ: ಬ್ರೆಜಿಲ್‌ನಲ್ಲಿ ಕೋಳಿ ಸಾಕಿದ ಹಾಗೆ ಕಪ್ಪೆ ಸಾಕುತ್ತಾರಂತೆ. ಯಾವ ಥರದ ತೊಟ್ಟಿಯಲ್ಲಿ ಅವು ಬೇಗ ಬೆಳೆಯುತ್ತವೆ? ಅವುಗಳಿಗೆ ಹಿತವೂ ಅದರಲ್ಲೇನಾ?

ಉತ್ತರ: ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಅಂತ ನಾವು ಆಡಿಕೊಳ್ಳುತ್ತೇವೆ. ಈ ಸಾಕಣೆದಾರರಿಗೆ ಅದೇ ದಿನದ ಕೆಲಸ! ಆದರೆ ತಕ್ಕಡಿ ಹೇಳುವುದು ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರ.

ಅಲ್ಲಿ ಮಾಂಸಕ್ಕಾಗಿ ಸಾಕುವುದು ಅಮೆರಿಕದ ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆ. 1935ರಲ್ಲಿ ಬ್ರೆಜಿಲ್‌ಗೆ ಬಂತು. ಮೊದಮೊದಲು ಕೊಳ ತೋಡಿ, ನಡುವೆ ಮಣ್ಣಿನ ದಿಬ್ಬ ಬಿಟ್ಟು, ಅಲ್ಲಿ ಕೊಳೆತದ್ದೇನಾದರೂ ಇಟ್ಟು ನೊಣ ಕರೆಸುತ್ತಿದ್ದರು. ಕಪ್ಪೆ ತಾನೇ ಹಿಡಿದು ತಿನ್ನಬೇಕು. ಈಗ ಪೈಪೋಟಿ ಇರುವುದು ಇನ್ನೆರಡು ಪದ್ಧತಿಗಳ ನಡುವೆ.

ಒಂದು ಅರೆ ಒಣ ಮನೆ. ಬ್ರೆಜಿಲ್‌ನ ವಿಸೋಸಾ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ 'ಆಂಫಿಗ್ರಾಂಜ' ಇದರ ಹೆಸರಾಂತ ಮಾದರಿ. ಸಿಮೆಂಟು ನೆಲದ ಮೇಲೆ ಅಡಗುವ ಗೂಡು, ಮೇವಿನ ತೊಟ್ಟಿ, ಸಣ್ಣ ನೀರಿನ ಗುಂಡಿ, ಮೂರೂ ಸಾಲಾಗಿ ಹತ್ತಿರ ಹತ್ತಿರ. ಇನ್ನೊಂದು ತೈವಾನ್ ಕಡೆಯಿಂದ ಬಂದದ್ದು: ತೊಟ್ಟಿಯ ನೆಲಕ್ಕೆಲ್ಲ ಕೆಲವೇ ಸೆಂಟಿಮೀಟರ್ ನೀರು. ಕಪ್ಪೆ ಕಾಲೂರಿ ಕೂತರೆ ತಲೆ ಮೇಲಿರಬೇಕು, ಅಷ್ಟೇ ಆಳ.

ಇವೆರಡರ ಜಗಳ ಶುರುವಾಗುವುದೇ ಊಟದಿಂದ. ಅಲ್ಲಾಡದ ವಸ್ತು ಕಪ್ಪೆಯ ಕಣ್ಣಿಗೆ ಆಹಾರವೇ ಅಲ್ಲ. ಒಣ ನೆಲದಲ್ಲಿ ಮೀನಿನ ಮೇವಿನಂಥ ಗುಳಿಗೆ ಹಾಕಿದರೆ ಸುಮ್ನೆ ಬಿದ್ದಿರುತ್ತದೆ. ಅದಕ್ಕೇ ಅದರೊಳಗೆ ನೊಣದ ಹುಳು ಬೆರೆಸುತ್ತಾರೆ. ಹುಳು ಒದ್ದಾಡಿದಾಗ ಗುಳಿಗೆ ಕದಲುತ್ತದೆ, ಕಪ್ಪೆ ನಾಲಿಗೆ ಚಾಚುತ್ತದೆ. ಅಂದರೆ ಕಪ್ಪೆಯ ಜೊತೆ ನೊಣವನ್ನೂ ಸಾಕಬೇಕು! ನೀರಿನ ತೊಟ್ಟಿಯಲ್ಲಿ ಈ ಪಾಡಿಲ್ಲ. ಒಂದು ಕಪ್ಪೆ ಮಿಸುಕಿದರೂ ತೇಲುವ ಗುಳಿಗೆಗಳೆಲ್ಲ ಓಲಾಡುತ್ತವೆ. ಕೂಲಿ ಉಳಿಯುತ್ತದೆ, ಕಪ್ಪೆಗಳನ್ನೂ ಜಾಸ್ತಿ ತುಂಬಬಹುದು.

ಸರಿ, ಹಾಗಾದರೆ ನೀರೇ ಗೆದ್ದಿತಲ್ವಾ? ನಿಲ್ಲಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಹಿಕ್ಕೆ, ಉಚ್ಚೆ, ಉಳಿದ ಮೇವು ಎಲ್ಲ ಸೇರುವ ನೀರಲ್ಲೇ ಅದು ಹಗಲೂ ರಾತ್ರಿ ಕೂತಿರಬೇಕು. ನೀರು ಬದಲಿಸುವುದು ತಡವಾದರೆ ಅಮೋನಿಯಾ ಏರುತ್ತದೆ, ತೊಡೆಯ ಒಳಭಾಗ ಕೆಂಪಾಗುವ ಕೆಂಗಾಲು ರೋಗಕ್ಕೆ ದಾರಿಯಾಗುತ್ತದೆ. ಧಾರಾಳ ನೀರು, ಕೈಕೊಡದ ಪಂಪು ಇಲ್ಲದವರಿಗೆ ಇದು ಆಗಿಬರುವ ಪದ್ಧತಿಯಲ್ಲ.

ಬೆಳವಣಿಗೆಯ ವಿಷಯದಲ್ಲಿ ತೊಟ್ಟಿಯಷ್ಟೇ ದೊಡ್ಡದು ಬಿಸಿ. ಇದು ತಣ್ಣನೆ ರಕ್ತದ ಜೀವಿ. 25ರಿಂದ 30 ಡಿಗ್ರಿ ಇದ್ದರೆ ಚೆನ್ನಾಗಿ ತಿನ್ನುತ್ತದೆ, ಚಳಿ ಬಿದ್ದರೆ ಮೇವು ಮುಟ್ಟುವುದಿಲ್ಲ. ತೊಟ್ಟಿಯ ಮಾದರಿ ಬದಲಿಸಿ ತಲೆ ಕೆಡಿಸಿಕೊಳ್ಳುವ ಮೊದಲು ಥರ್ಮಾಮೀಟರ್ ನೋಡುವುದು ಒಳ್ಳೆಯದು. ಇನ್ನು ದೊಡ್ಡ ಕಪ್ಪೆ ಚಿಕ್ಕದನ್ನು ನುಂಗುವ ಕಾಟ ಎರಡೂ ಕಡೆ ಇದ್ದದ್ದೇ. ಆಗಾಗ ಗಾತ್ರ ನೋಡಿ ಬೇರೆ ಮಾಡಲೇಬೇಕು.

ಹಿತದ ಮಾತಿಗೆ ಬಂದರೆ ನನ್ನ ಮತ ಅರೆ ಒಣ ಮನೆಗೆ. ಅಲ್ಲಿ ಕಪ್ಪೆಗೆ ಆಯ್ಕೆಯಿದೆ: ಬೇಕಾದಾಗ ನೀರಿಗಿಳಿಯಬಹುದು, ಬೇಡವಾದಾಗ ಗೂಡು ಸೇರಬಹುದು. ಹಾಗಂತ ಅದು ಸ್ವರ್ಗವೂ ಅಲ್ಲ. ಬೆದರಿದ ಕಪ್ಪೆ ಗೋಡೆಗೆ ಹಾರಿ ಮೂತಿ ತರಚಿಕೊಳ್ಳುತ್ತದೆ. ಅದಕ್ಕೇ ತೂಕದ ಜೊತೆ ಮೂತಿಯನ್ನೂ, ತೊಡೆಯ ಬಣ್ಣವನ್ನೂ ನೋಡಿ. ಮೂಲೆಯಲ್ಲಿ ಒಂದರ ಮೇಲೊಂದು ರಾಶಿ ಬಿದ್ದಿವೆಯೇ ಎಂದೂ ಗಮನಿಸಿ.

ಅಂದಹಾಗೆ, ನಮ್ಮ ಗದ್ದೆಯಲ್ಲಿ ಮಳೆಗಾಲಕ್ಕೆ ಹಳದಿಯಾಗುವ ದೊಡ್ಡ ಕಪ್ಪೆಯನ್ನು ಹಿಡಿದು ಪ್ರಯೋಗ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದನ್ನು ಹಿಡಿಯುವುದು ಅಪರಾಧ. ನಮ್ಮ ದೇಶದಿಂದ ಕಪ್ಪೆಕಾಲಿನ ರಫ್ತು 1987ರಲ್ಲೇ ನಿಂತಿದೆ. ಹೊರಗಿನ ಕಪ್ಪೆ ತರುವುದೂ ಅಪಾಯವೇ. ಅಂಡಮಾನಿಗೆ ಹೋಗಿ ಸೇರಿದ ನಮ್ಮ ಇದೇ ಹಳದಿ ಕಪ್ಪೆಯ ಗೊದಮೊಟ್ಟೆಗಳು ಅಲ್ಲಿನ ಕಪ್ಪೆಗಳ ಗೊದಮೊಟ್ಟೆಗಳನ್ನು ತಿಂದುಹಾಕುತ್ತಿವೆ.