ಪದ ಪರಿಚಯ: ವ್ಯಾಲೆಂಟೈನ್

‘ವ್ಯಾಲೆಂಟೈನ್ ಪ್ರಯುಕ್ತ ಕೇಕ್ ಮೇಲೆ ರಿಯಾಯಿತಿ.’ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಬೇಕರಿ ಮುಂದೆ ಈ ಬ್ಯಾನರ್ ಕಟ್ಟಿದ್ದಾರೆ. ಮೊಬೈಲ್ ತೆರೆದರೆ ‘ಎಲ್ಲರಿಗೂ ಹ್ಯಾಪಿ ವ್ಯಾಲೆಂಟೈನ್’. ಪ್ರತಿ ಫೆಬ್ರುವರಿಯಲ್ಲೂ ಇದೇ ಹಾಡು. ಒಮ್ಮೆ ಬರೆದೇ ಬಿಡೋಣ: ದಿನದ ಹೆಸರು ವ್ಯಾಲೆಂಟೈನ್ಸ್ ಡೇ. ಬರೀ ವ್ಯಾಲೆಂಟೈನ್ ಅಂದರೆ ಮನುಷ್ಯ. ನೀವು ಮನಸಾರೆ ಆರಿಸಿಕೊಂಡ ಆ ಒಬ್ಬರು. ಅದನ್ನು ಊರಿಗೆಲ್ಲ ಹಂಚಲು ಬರುವುದಿಲ್ಲ.

ಮೂಲ ಲ್ಯಾಟಿನ್ನಿನ ‘ವಾಲೆನ್ಸ್’. ಗಟ್ಟಿಮುಟ್ಟಾದ, ಬಲವುಳ್ಳ ಎಂಬ ಅರ್ಥ. ಅದರಿಂದ ವಾಲೆಂಟಿನಸ್ ಎಂಬ ಹೆಸರು ಬಂತು. ಪ್ರೀತಿಯ ಸುಳಿವೇ ಅದರಲ್ಲಿಲ್ಲ. ಫೆಬ್ರುವರಿ 14ರ ಸಂತ ಯಾರು ಅನ್ನೋದೂ ಗೊಂದಲವೇ. ರೋಮಿನ ಒಬ್ಬ ಪಾದ್ರಿ, ತೆರ್ನಿಯ ಒಬ್ಬ ಬಿಷಪ್, ಇಬ್ಬರ ಕತೆಗಳೂ ಬೆರೆತುಹೋಗಿವೆ. 1969ರಲ್ಲಿ ಕ್ಯಾಥೊಲಿಕ್ ಚರ್ಚ್ ತನ್ನ ಸಾಮಾನ್ಯ ಪಂಚಾಂಗದಿಂದ ಈ ಹಬ್ಬವನ್ನು ಕೈಬಿಟ್ಟಿತು. ಜೈಲರನ ಮಗಳಿಗೆ ಸಂತ ಚೀಟಿ ಬರೆದ ಅಂತ ವಾಟ್ಸ್ಯಾಪಿನಲ್ಲಿ ಓಡಾಡುತ್ತದಲ್ಲ, ಅದು ಎಷ್ಟೋ ಕಾಲದ ಮೇಲೆ ಸೇರಿಕೊಂಡ ಕತೆ.

ಪ್ರೀತಿ ಬಂದಿದ್ದು 14ನೇ ಶತಮಾನದ ಇಂಗ್ಲೆಂಡಿನಲ್ಲಿ. ಸಂತ ವ್ಯಾಲೆಂಟೈನನ ದಿನ ಹಕ್ಕಿಗಳೆಲ್ಲ ಸೇರಿ ತಮ್ಮ ಜೋಡಿ ಆರಿಸಿಕೊಳ್ಳುತ್ತವೆ ಅಂತ ಕವಿ ಚಾಸರ್ ಬರೆದ. ಆಮೇಲೆ ಹಾಗೆ ಆರಿಸಿಕೊಂಡವರಿಗೇ ಆ ಹೆಸರು ಅಂಟಿತು.

1477ರ ಫೆಬ್ರುವರಿಯಲ್ಲಿ ಮಾರ್ಜರಿ ಬ್ರೂಸ್ ಎಂಬ ಹುಡುಗಿ, ತನ್ನನ್ನು ಮದುವೆಯಾಗಬೇಕಿದ್ದ ಜಾನ್ ಪಾಸ್ಟನ್‌ಗೆ ಕಾಗದ ಬರೆಸಿದಳು. ಅದರಲ್ಲಿ ಅವನನ್ನು ಕರೆದಿದ್ದು ‘ನನ್ನ ಬಹು ಪ್ರೀತಿಯ ವ್ಯಾಲೆಂಟೈನ್’ ಅಂತ. ಇಂಗ್ಲಿಷಿನಲ್ಲಿ ಸಿಕ್ಕಿರುವ ಇಂಥ ಕಾಗದಗಳಲ್ಲಿ ಇದೇ ಹಳೆಯದು ಅನ್ನುತ್ತಾರೆ. ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಳಗಿನ ವಿಷಯ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಹುಂಡಾ. ಗಂಡಿನವರಿಗೆ ಇನ್ನೂ ಜಾಸ್ತಿ ಬೇಕು, ಅಪ್ಪ ಒಪ್ಪುತ್ತಿಲ್ಲ, ಅವ್ವ ಅಪ್ಪನ ಬೆನ್ನು ಹತ್ತಿದ್ದಾಳೆ. ನನ್ನ ಮೇಲೆ ಪ್ರೀತಿ ಇದ್ದರೆ ಇದೊಂದಕ್ಕಾಗಿ ನನ್ನ ಕೈಬಿಡಬೇಡ ಅನ್ನುತ್ತಾಳೆ ಹುಡುಗಿ. ಆತ ಬಿಡಲಿಲ್ಲ. ಅದೇ ವರ್ಷ ಲಗ್ನವಾಯಿತು.

ಈ ಕಾಗದ ಓದಿದ ಮೇಲೂ ವ್ಯಾಲೆಂಟೈನ್ ಅಂದರೆ ಕಾಲೇಜು ಹುಡುಗರ ಆಟ ಅನ್ನೋರನ್ನು ಕಂಡರೆ ನನಗೆ ಬೇಸರ. ‘ಪ್ರೇಮಿಗಳು’ ಅಂತ ಕನ್ನಡ ಮಾಡಿಕೊಂಡೆವು, ಮದುವೆ ಆಗದವರು ಅಂತ ಅರ್ಥ ಹಚ್ಚಿದೆವು. ‘ನಮ್ದು ಲಗ್ನ ಆಗ್ಯಾದ ಬಿಡ್ರಿ, ನಮಗ್ಯಾಕ ಅದೆಲ್ಲಾ’ ಅನ್ನುವ ಕಾಕಾಗಳು ಬೀದಿಗೊಬ್ಬರಿದ್ದಾರೆ. ಮನೆಯಲ್ಲಿ ಕಾಕೂಗೆ ಒಂದು ಮೊಳ ಮಲ್ಲಿಗೆ ಒಯ್ದು ಕೊಟ್ಟು, ‘ನಿನಗೇ ತಂದೀನಿ’ ಅಂದರೆ ಆ ಪದ ಸರಿಯಾಗಿ ಬಳಸಿದ ಹಾಗೆ. ಈ ದಿನ ಇಷ್ಟು ಜನರನ್ನು ಸೆಳೆಯುವುದು ಅದಕ್ಕೇ. ಇಷ್ಟು ಮಂದಿಯಲ್ಲಿ ನನ್ನನ್ನೇ ಆರಿಸಿದರು ಅಂತ ಕಿವಿಯಾರೆ ಕೇಳಬೇಕು ಅನ್ನೋ ಆಸೆ ಯಾರಿಗಿಲ್ಲ?

ಪರದೇಶದ ಹುಚ್ಚು ಅನ್ನೋರು ನಮ್ಮೂರಿನ ಉರುಸನ್ನೇ ನೋಡಲಿ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ಹೆಸರಲ್ಲಿ ಪ್ರತಿ ವರ್ಷ ನಡೆಯುತ್ತದೆ. ಅರಬ್ಬಿಯಲ್ಲಿ ಉರ್ಸ್ ಅಂದರೆ ಮದುವೆ. ಸೂಫಿಗಳಿಗೆ ಸಂತನ ಸಾವು ಅಂದರೆ ಆತ ತನ್ನ ಪ್ರಿಯನಾದ ದೇವರನ್ನು ಕೂಡಿದ ದಿನ. ಅತ್ತ ಬಸವಕಲ್ಯಾಣದ ಶರಣರದ್ದೂ ಇದೇ ಭಾವ: ಶರಣಸತಿ, ಲಿಂಗಪತಿ. ಭಕ್ತಿ ಹೇಳಲಿಕ್ಕೂ ಗಂಡ ಹೆಂಡಿರ ಪ್ರೀತಿಯ ಮಾತೇ ಬೇಕಾಯಿತು.

ಹಾಗಾದರೆ ಗೆಳೆಯರಿಗೆ, ಆಫೀಸಿನವರಿಗೆ ಏನೂ ಕೊಡಬಾರದಾ? ಧಾರಾಳವಾಗಿ ಕೊಡಿ. ಜಪಾನಿನಲ್ಲಿ ಆ ದಿನ ಹೆಂಗಸರು ಗಂಡಸರಿಗೆ ಚಾಕೊಲೇಟ್ ಕೊಡುತ್ತಾರೆ. ಮರ್ಯಾದೆಗೆ ಕೊಟ್ಟರೆ ಅದು ‘ಗಿರಿ ಚೊಕೊ’. ಮನಸ್ಸು ಕೊಟ್ಟವನಿಗೆ ಕೊಟ್ಟರೆ ‘ಹೊನ್‌ಮೇ ಚೊಕೊ’.